ಗಣಪನಿಗೆ ಮೊದಲ ಪತ್ರೆ: ಮಾಚಿಪತ್ರೆ ಬಗ್ಗೆ ನಮಗೆಷ್ಟು ಗೊತ್ತು?

ಗೌರಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಳೆಕಂದು, ಗರಿಕೆ, ಎಕ್ಕದ ಹಾರದ ಪಕ್ಕದಲ್ಲೇ ಪತ್ರೆಯ ಕಟ್ಟುಗಳು. ನಮ್ಮೂರಲ್ಲಿ ಹಿತ್ತಲಿಂದ ಕಿತ್ತು ತರುತ್ತಿದ್ದ ಸೊಪ್ಪಿಗೆ ಇಲ್ಲಿ ದುಡ್ಡು ಕೊಡಬೇಕು.

ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಮೊದಲು ಬರುವ ಹೆಸರೇ ಮಾಚಿಪತ್ರೆ. ಬಿಲ್ವ, ಬನ್ನಿ, ಉಮ್ಮತ್ತಿ ಎಲ್ಲ ಆಮೇಲೆ.

ಚಾಮರಾಜಪೇಟೆ ಬಡಾವಣೆ ಶುರುವಾದದ್ದು 1892ರಲ್ಲಿ. 1898ರಲ್ಲಿ ಊರಿಗೆ ಪ್ಲೇಗ್ ಬಡಿದಾಗ ಇಕ್ಕಟ್ಟಿನ ಪೇಟೆ ಬಿಟ್ಟ ಜನರಿಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಮನೆಗೊಂದು ಹಿತ್ತಲು. ಈಗ ಆ ಹಿತ್ತಲುಗಳ ಮೇಲೆ ಅಪಾರ್ಟ್‌ಮೆಂಟ್ ಎದ್ದಿವೆ. ಹಬ್ಬ ಉಳಿದಿದೆ, ಗಿಡ ಮಾರುಕಟ್ಟೆಗೆ ಹೋಗಿದೆ.

ಮಾಚಿಪತ್ರೆ ಸೂರ್ಯಕಾಂತಿಯ ಕುಟುಂಬದ ಗಿಡ. ಆಳೆತ್ತರ ಬೆಳೆಯುತ್ತದೆ. ನೆಲದೊಳಗಿನ ಬೇರುಕಾಂಡದಿಂದ ಹಬ್ಬುವುದರಿಂದ ಒಮ್ಮೆ ನೆಟ್ಟರೆ ಸಾಕು. ಸೀಳು ಸೀಳಾದ ಎಲೆ, ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಳಿದಂತೆ ಬಿಳಿ ನವಿರು. ಉಜ್ಜಿದರೆ ಘಾಟು ಬೆರೆತ ಪರಿಮಳ, ರುಚಿ ಕಹಿ. ಆ ಪರಿಮಳಕ್ಕಾಗಿಯೇ ಹೂವಿನ ಜೊತೆ ಸೇರಿಸಿ ಮಾಲೆ ಕಟ್ಟುತ್ತಾರೆ. ಹುಳ ಬಾರದಿರಲೆಂದು ಒಣಗಿಸಿ ಬಟ್ಟೆಯ ಮಡಿಕೆಯಲ್ಲಿ ಇಡುವುದೂ ಹಳೆಯ ರೂಢಿ.

ನಮ್ಮ ದವನ ಇದರದೇ ದಾಯಾದಿ. ಚೈತ್ರದ ದವನದ ಹುಣ್ಣಿಮೆಗೆ ಹೆಸರು ಕೊಟ್ಟ ಗಿಡ ಅದು. ಕರ್ನಾಟಕದ ರೈತರು ಅದನ್ನು ಬೆಳೆಯಾಗಿ ಬೆಳೆಯುತ್ತಾರೆ. ಅದರ ಎಣ್ಣೆ ಸುಗಂಧದ್ರವ್ಯಕ್ಕೆ ಹೋಗುತ್ತದೆ.

ಇನ್ನೊಂದು ದಾಯಾದಿ ಚೀನಾದ್ದು. ಹಳೆಯ ವೈದ್ಯಗ್ರಂಥವೊಂದರ ಸುಳಿವು ಹಿಡಿದು ವಿಜ್ಞಾನಿ ತು ಯೂಯೂ ಆ ಗಿಡದಿಂದ ಮಲೇರಿಯಾ ಔಷಧ ಬೇರ್ಪಡಿಸಿದರು. 2015ರಲ್ಲಿ ನೊಬೆಲ್ ಬಂತು. ಹಾಗಂತ ನಮ್ಮ ಮಾಚಿಪತ್ರೆಯ ಕಷಾಯ ಕುಡಿದು ಜ್ವರ ಹೋಗುತ್ತದೆ ಎಂದುಕೊಳ್ಳಬೇಡಿ. ಗಿಡ ಬೇರೆ. ಚಳಿಜ್ವರ ಬಂದರೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಬಸುರಿಯರಂತೂ ಇದನ್ನು ಔಷಧವೆಂದು ಸೇವಿಸಲೇಬಾರದು.

ಈಗ ಮುಖ್ಯವಾದ ಮಾತು. ಒಂದು ಹಬ್ಬಕ್ಕೆ ನಾವೇ ರಸ್ತೆಬದಿಯಿಂದ ಮಾಚಿಪತ್ರೆ ಎಂದು ಒಂದು ತಬ್ಬು ಕಿತ್ತು ತಂದೆವು. ಸಂಜೆಗೆ ಕೈಯೆಲ್ಲ ತುರಿಕೆ, ದದ್ದು. ತಂದದ್ದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ! ಅದೂ ಸೂರ್ಯಕಾಂತಿ ಕುಟುಂಬದ್ದೇ, ಎಳೆಯದಿದ್ದಾಗ ಎಲೆಯೂ ಹಾಗೇ ಕಾಣುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಆ ಕಳೆ ಈಗ ಎಲ್ಲ ಹೊಲದ ಬದುವಿನಲ್ಲೂ ಇದೆ.

ಗುರುತು ಸುಲಭ. ಎಲೆ ತಿರುಗಿಸಿ ನೋಡಿ. ಅಡಿ ಬೆಳ್ಳಗಿದ್ದು, ಪರಿಮಳ ಬಂದರೆ ಮಾಚಿಪತ್ರೆ. ಎರಡೂ ಕಡೆ ಹಸಿರಾಗಿದ್ದು, ತುದಿಯಲ್ಲಿ ಚಿಕ್ಕ ಬಿಳಿ ಹೂವಿದ್ದರೆ ಮುಟ್ಟಬೇಡಿ.

ನಿಮ್ಮೂರಲ್ಲಿ ಹಳೆಯ ಗಿಡ ಉಳಿದಿದ್ದರೆ ಒಂದು ಬುಡ ಕಿತ್ತು ಬಚ್ಚಲ ನೀರು ಹರಿಯುವ ಕಡೆ ನೆಡಿ. ಮುಂದಿನ ಗೌರಿ ಹಬ್ಬಕ್ಕೆ ಪಕ್ಕದ ಮನೆಗೂ ಕೊಡುವಷ್ಟು ಸಿಗುತ್ತದೆ.