ಆಕರ ಹೇಳುವುದೂ ಒಂದು ಅಮಾನತ್ತು



ನಾನು ಪದವಿ ತರಗತಿಯಲ್ಲಿದ್ದಾಗ ಆದಿಲ್‌ಶಾಹಿ ಅರಸರ ಬಗ್ಗೆ ಹತ್ತು ಪುಟದ ಒಂದು ಪ್ರಬಂಧ ಬರೆದಿದ್ದೆ. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನು 1689 ರಲ್ಲಿ ತೀರಿಕೊಂಡನೆಂದು ಒಂದು ಪುಟದಲ್ಲಿ ಬರೆದೆ. ಮುಂದಿನ ಪುಟದಲ್ಲಿ, 1686 ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದು ಆದಿಲ್‌ಶಾಹಿ ರಾಜ್ಯವನ್ನು ಕೊನೆಗಾಣಿಸಿದನೆಂದೂ ಬರೆದೆ. ನಮ್ಮ ಗುರುಗಳು ಎರಡೂ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದು, “ರಾಜ್ಯ ಹೋಗಿ ಮೂರು ವರ್ಷ ಆದ ಮ್ಯಾಲೆ ಸುಲ್ತಾನ ಸತ್ತನೇನಪಾ? ಇದನ್ನ ಎಲ್ಲಿ ಓದೀದಿ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಪ್ರಬಂಧದಲ್ಲಿ ‘ಇತಿಹಾಸಕಾರರು ಹೇಳುವಂತೆ’ ಎಂದಷ್ಟೇ ಇತ್ತು. ನಿಜ ಹೇಳಬೇಕೆಂದರೆ ನಾನು ಯಾವ ಇತಿಹಾಸಕಾರರನ್ನೂ ಓದಿರಲಿಲ್ಲ. ಗೆಳೆಯನೊಬ್ಬನ ನೋಟ್‌ಬುಕ್ಕಿನಿಂದ ಇಳಿಸಿಕೊಂಡಿದ್ದೆ.

ತಪ್ಪು ಎಲ್ಲಿಂದ ಬಂತೆಂದು ತಿಳಿಯಲು ಬಹಳ ದಿನ ಬೇಕಾಯಿತು. ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಮೂರು ಫಾರ್ಸಿ ವಾಕ್ಯಗಳಿವೆ. ಅಕ್ಷರಗಳಿಗೆ ಅಬ್ಜದ್ ಕ್ರಮದ ಬೆಲೆ ಕೊಟ್ಟು ಕೂಡಿಸಿದರೆ ಮೂರರಲ್ಲೂ ಬರುವುದು ಹಿಜರಿ 1067. ಅದು ಕ್ರಿ.ಶ. 1656. ಯಾರೋ 1067 ಕ್ಕೆ 622 ಕೂಡಿಸಿ 1689 ಎಂದು ಬರೆದುಕೊಂಡಿದ್ದರು. ಹಿಜರಿ ವರ್ಷ ಚಾಂದ್ರಮಾನದ್ದು, ಅದಕ್ಕೆ ಸುಮಾರು 354 ದಿನ ಮಾತ್ರ ಎಂಬುದನ್ನು ಅವರು ಮರೆತಿದ್ದರು. ಆದ್ದರಿಂದ ಲೆಕ್ಕ ಮೂವತ್ತಮೂರು ವರ್ಷ ಮುಂದೆ ಓಡಿತ್ತು. ‘ಹಿಜರಿ 1067, ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಶಾಸನ’ ಎಂದು ಒಂದು ಅಡಿಟಿಪ್ಪಣಿ ಇದ್ದಿದ್ದರೆ ಯಾರಾದರೂ ಐದು ನಿಮಿಷದಲ್ಲಿ ತಿದ್ದಬಹುದಾಗಿತ್ತು. ಆಕರ ಹೇಳದೆ ಇದ್ದುದರಿಂದ ಆ ತಪ್ಪು ನೋಟ್‌ಬುಕ್ಕಿನಿಂದ ನೋಟ್‌ಬುಕ್ಕಿಗೆ ನಡೆದುಬಂತು.

ಅಡಿಟಿಪ್ಪಣಿ ಎಂದರೆ ಪರೀಕ್ಷಕರನ್ನು ಮೆಚ್ಚಿಸುವ ಅಲಂಕಾರವೆಂದು ನಿಮ್ಮಲ್ಲಿ ಹಲವರು ತಿಳಿದಿರಬಹುದು. ಹಾಗಲ್ಲ. ನಾವು ಎಲ್ಲಿಂದ ತಿಳಿದೆವೋ ಅಲ್ಲಿಗೆ ಓದುಗನೂ ಹೋಗಿ ನೋಡಲು ಬಿಟ್ಟಿರುವ ದಾರಿ ಅದು. ನಮ್ಮ ಜಿಲ್ಲೆಯ ಊರುಗಳನ್ನೇ ಹಿಡಿದು ಇದನ್ನು ವಿವರಿಸುವೆ.

ನಮ್ಮ ಪರಂಪರೆಯಲ್ಲಿ ಆಕರ

ಈ ಶಿಸ್ತು ನಮಗೆ ಹೊಸದಲ್ಲ. ಸಹೀಹುಲ್ ಬುಖಾರಿಯ ಮೊದಲನೆಯ ಹದೀಸನ್ನೇ ತೆಗೆದುಕೊಳ್ಳಿ. ನಿಯ್ಯತ್ತಿನ ಕುರಿತಾದ ಆ ಹದೀಸಿನ ಮಾತು ಆರಂಭವಾಗುವ ಮುಂಚೆ ಹುಮೈದಿ, ಸುಫ್ಯಾನ್, ಯಹ್ಯಾ ಬಿನ್ ಸಈದ್, ಮುಹಮ್ಮದ್ ಬಿನ್ ಇಬ್ರಾಹೀಮ್, ಅಲ್ಖಮಾ ಮತ್ತು ಹಜರತ್ ಉಮರ್ (ರ) ಎಂದು ಆರು ಜನರ ಹೆಸರು ಬರುತ್ತದೆ. ಇದೇ ಇಸ್ನಾದ್. ಪ್ರವಾದಿಯವರ (ಸ) ಮಾತು ಯಾರ ಬಾಯಿಂದ ಯಾರ ಕಿವಿಗೆ ಬಂತೆಂಬುದರ ಲೆಕ್ಕ. ಒಬ್ಬೊಬ್ಬ ರಾವಿ ಎಂಥವರು, ಯಾವ ಕಾಲದವರು, ಅವರು ಪರಸ್ಪರ ಭೇಟಿಯಾಗಲು ಸಾಧ್ಯವಿತ್ತೇ ಎಂದು ಪರೀಕ್ಷಿಸಲೆಂದೇ ‘ಅಸ್ಮಾಉರ್ರಿಜಾಲ್’ ಎಂಬ ಪ್ರತ್ಯೇಕ ಶಾಸ್ತ್ರ ಬೆಳೆಯಿತು. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಹಾನಿ ಮಾಡಬೇಡಿರೆಂಬ ತಿಳಿವಳಿಕೆ ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 6 ನೆಯ ವಚನದಲ್ಲಿದೆ.

ನಮ್ಮ ಮಾತಿನಲ್ಲೂ ಇದರ ಗುರುತುಗಳಿವೆ. ಹದೀಸಿನ ‘ಸನದ್’ ಮತ್ತು ಜಮೀನು ಇನಾಮು ಕೊಟ್ಟ ‘ಸನ್ನದು’ ಒಂದೇ ಶಬ್ದ. ಎರಡಕ್ಕೂ ಆಧಾರವೆಂದೇ ಅರ್ಥ. ಉರ್ದುವಿನಲ್ಲಿ ಗ್ರಂಥದ ಆಧಾರ ಕೊಡುವುದಕ್ಕೆ ‘ಹವಾಲಾ’ ಎನ್ನುತ್ತೇವೆ. ಅದೇ ಶಬ್ದ ಕನ್ನಡದಲ್ಲಿ ‘ಹವಾಲೆ’ಯಾಗಿ, ಒಬ್ಬರ ವಶಕ್ಕೆ ಒಪ್ಪಿಸುವುದೆಂಬ ಅರ್ಥ ಪಡೆದಿದೆ. ನೀವು ಹವಾಲಾ ಕೊಟ್ಟಾಗ ನಿಮ್ಮ ಮಾತನ್ನು ಓದುಗನ ಹವಾಲೆಗೆ ಒಪ್ಪಿಸುತ್ತೀರಿ. ಇನ್ನು ಪರೀಕ್ಷಿಸುವ ಹಕ್ಕು ಅವನದು.

ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ ಮುಹಮ್ಮದ್ ಖಾಸಿಂ ಫಿರಿಶ್ತಾ ತನ್ನ ಗ್ರಂಥದ ಪೀಠಿಕೆಯಲ್ಲಿ ತಾನು ಬಳಸಿದ ಗ್ರಂಥಗಳನ್ನು ಹೆಸರಿಸಿದ್ದಾನೆ. ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಹೆಚ್ಚಿನವರು ಓದುವುದು ಫಿರಿಶ್ತಾನ ಫಾರ್ಸಿ ಮೂಲವನ್ನಲ್ಲ, 1829 ರಲ್ಲಿ ಜಾನ್ ಬ್ರಿಗ್ಸ್ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು. ಹಾಗಿದ್ದರೆ ‘ಫಿರಿಶ್ತಾ, ಬ್ರಿಗ್ಸ್ ಅನುವಾದ, ಸಂಪುಟ ಇಷ್ಟು, ಪುಟ ಇಷ್ಟು’ ಎಂದೇ ಬರೆಯಬೇಕು. ಕಾಣದ ಮೂಲವನ್ನು ಕಂಡಂತೆ ಬರೆಯುವುದು ಸುಳ್ಳು ಸಾಕ್ಷಿ ಹೇಳಿದಂತೆ.

ಐಹೊಳೆಯ ಕಲ್ಲು ಕಲಿಸುವ ಪಾಠ

ಹುನಗುಂದ ತಾಲೂಕಿನ ಐಹೊಳೆಗೆ ನೀವೆಲ್ಲ ಪ್ರವಾಸ ಹೋಗಿದ್ದೀರಿ. ಮೇಗುತಿ ಗುಡ್ಡದ ಮೇಲಿನ ಜೈನ ಬಸದಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ, ಹತ್ತೊಂಬತ್ತು ಸಾಲು. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ತಡೆದ ಸಂಗತಿ ಅದರಲ್ಲಿದೆ. ರವಿಕೀರ್ತಿ ಕಾಲವನ್ನು ಎರಡು ಬಗೆಯಲ್ಲಿ ಹೇಳುತ್ತಾನೆ: ಭಾರತ ಯುದ್ಧದಿಂದ 3735 ವರ್ಷ, ಶಕ ವರ್ಷ 556. ಎರಡನ್ನೂ ಲೆಕ್ಕ ಹಾಕಿದರೆ ಕ್ರಿ.ಶ. 634-35 ಕ್ಕೇ ಬಂದು ನಿಲ್ಲುತ್ತದೆ. ಒಂದು ಲೆಕ್ಕ ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಮೂಲದ ತೇದಿಯನ್ನೂ ಇಸವಿಯನ್ನೂ ಜೊತೆಜೊತೆಗೆ ಬರೆಯಿರಿ ಎಂದು ಇಂದು ನಾವು ಹೇಳುವುದು ಇದೇ ಕಾರಣಕ್ಕೆ.

ಅದೇ ಶಾಸನದಲ್ಲಿ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಹೋಲಿಸಿಕೊಳ್ಳುತ್ತಾನೆ. ಆ ಎರಡು ಹೆಸರು ಹೇಳಿದ್ದರಿಂದಲೇ ಅವರಿಬ್ಬರೂ 634 ಕ್ಕಿಂತ ಈಚಿನವರಾಗಿರಲಾರರು ಎಂದು ವಿದ್ವಾಂಸರು ಖಚಿತವಾಗಿ ಹೇಳಬಲ್ಲರು. ಹಿಂದಿನವರ ಹೆಸರು ಹೇಳಿದ್ದರಿಂದ ಹೇಳಿದವನ ದೊಡ್ಡಸ್ತಿಕೆ ಕಡಿಮೆಯಾಗಲಿಲ್ಲ.

ಈ ಶಾಸನ ನಮ್ಮ ಪಠ್ಯಪುಸ್ತಕದವರೆಗೆ ಬಂದ ದಾರಿಯನ್ನೂ ನೋಡಿ. ಜೆ. ಎಫ್. ಫ್ಲೀಟ್ ಅದನ್ನು 1876 ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1879 ರಲ್ಲಿ ಅದೇ ಪತ್ರಿಕೆಯಲ್ಲಿ ತಾವೇ ಮತ್ತೊಮ್ಮೆ ಸಂಪಾದಿಸಿ ಪ್ರಕಟಿಸಿದರು. ಆಮೇಲೆ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಹೊಸದಾಗಿ ಸಂಪಾದಿಸಿದರು. ಯಾವ ಪಾಠವನ್ನು ಯಾರು ಎಲ್ಲಿ ಕೊಟ್ಟರೆಂಬುದು ಸಂಪುಟ, ಪುಟಸಂಖ್ಯೆ ಸಹಿತ ದಾಖಲಾಗಿರುವುದರಿಂದ ಹಿಂದಿನವರ ಓದನ್ನು ಮುಂದಿನವರು ಪರಿಶೀಲಿಸಲು ಸಾಧ್ಯವಾಯಿತು. ವಿದ್ವತ್ತು ಬೆಳೆಯುವುದು ಹೀಗೆ.

ಬಾದಾಮಿ: ಕಲ್ಲು ಹೇಳಿದ್ದು, ವಿದ್ವಾಂಸರು ತರ್ಕಿಸಿದ್ದು

ಬಾದಾಮಿಯ ಬಂಡೆಯೊಂದರ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಸಂಗತಿ ಶಕ 465, ಅಂದರೆ ಕ್ರಿ.ಶ. 543 ಎಂಬ ತೇದಿಯೊಂದಿಗೆ ಇದೆ. ಮೂರನೆಯ ಗುಹೆಯ ಮಂಗಳೇಶನ ಶಾಸನದಲ್ಲಿ ಶಕ 500, ಅಂದರೆ 578 ಎಂದಿದೆ. ಇವೆರಡೂ ಕಲ್ಲೇ ಹೇಳಿದ ತೇದಿಗಳು. ಆದರೆ ತ್ರಿಪದಿಗಾಗಿ ಪ್ರಸಿದ್ಧವಾದ ಕಪ್ಪೆ ಅರಭಟ್ಟನ ಶಾಸನದಲ್ಲಿ ತೇದಿಯೇ ಇಲ್ಲ. ಸುಮಾರು 700 ಎಂಬುದು ಲಿಪಿಯ ಸ್ವರೂಪ ನೋಡಿ ವಿದ್ವಾಂಸರು ಮಾಡಿದ ನಿರ್ಣಯ. ‘ಶಾಸನದಲ್ಲಿ 700 ಎಂದಿದೆ’ ಎಂದು ನೀವು ಬರೆದರೆ ಕಲ್ಲು ಆಡದ ಮಾತನ್ನು ಅದರ ಬಾಯಿಗೆ ಹಾಕಿದಂತಾಗುತ್ತದೆ. ‘ಲಿಪಿಯ ಆಧಾರದಿಂದ ಸುಮಾರು 700’ ಎಂದು ಬರೆದರೆ ಸರಿ. ಆಕರವೇ ಹೇಳಿದ್ದು ಯಾವುದು, ಅದರಿಂದ ಇನ್ನೊಬ್ಬರು ತೆಗೆದ ತೀರ್ಮಾನ ಯಾವುದು, ನಿಮ್ಮ ಸ್ವಂತ ಅಭಿಪ್ರಾಯ ಯಾವುದು ಎಂಬ ಮೂರನ್ನೂ ಬೇರೆ ಬೇರೆ ಇಡುವುದೇ ಸಂಶೋಧನೆಯ ಅರ್ಧ ಕೆಲಸ.

ಬಾಗಲಕೋಟೆ: ಬದಲಾದ ಹೆಸರು, ಮುಳುಗಿದ ಓಣಿ

ನಮ್ಮ ಜಿಲ್ಲೆ ರಚನೆಯಾದದ್ದು 1997 ರಲ್ಲಿ. ಅದಕ್ಕೂ ಮುಂಚೆ ನಾವು ಬಿಜಾಪುರ ಜಿಲ್ಲೆಯವರು. ಅದಕ್ಕೂ ಹಿಂದೆ ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಯವರು. ಬಾದಾಮಿಯ ಹಳೆಯ ವಿವರ ಬೇಕಾದರೆ 1884 ರ ಬಿಜಾಪುರ ಗ್ಯಾಜೆಟಿಯರ್ ತೆರೆಯಬೇಕು. ಬಿಜಾಪುರ 2014 ರಲ್ಲಿ ವಿಜಯಪುರವಾಯಿತು. ಹಾಗೆಂದು ಗ್ರಂಥದ ಹೆಸರನ್ನು ನಾವು ತಿದ್ದಬಾರದು. ಮುಹಮ್ಮದ್ ನಾಜಿಮ್ ಅವರ 1936 ರ ಗ್ರಂಥ ‘ಬಿಜಾಪುರ ಇನ್‌ಸ್ಕ್ರಿಪ್ಷನ್ಸ್’ ಎಂದೇ ಉಳಿಯಬೇಕು. ಇಲ್ಲವಾದರೆ ಗ್ರಂಥಾಲಯದಲ್ಲಿ ಹುಡುಕುವವನಿಗೆ ಅದು ಸಿಗದು.

ಇದಕ್ಕಿಂತ ದೊಡ್ಡ ಮಾತು ಮತ್ತೊಂದಿದೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವು. ಜನ ನವನಗರಕ್ಕೆ ಬಂದರು. ಮನೆ ಹೋಯಿತು, ಅಂಗಳ ಹೋಯಿತು, ನೆರೆಹೊರೆ ಚದುರಿತು. ಇಂಥ ಊರಿನಲ್ಲಿ ‘ಅಲ್ಲೊಂದು ಕಲ್ಲಿತ್ತು’ ಎಂದಷ್ಟೇ ಬರೆದರೆ ಮುಂದಿನ ಪೀಳಿಗೆಗೆ ಏನೂ ಸಿಗುವುದಿಲ್ಲ. ಯಾವ ಓಣಿ, ಯಾವ ಗೋಡೆ, ಯಾರು ಯಾವ ವರ್ಷ ನೋಡಿದರು, ಫೋಟೋ ಎಲ್ಲಿದೆ ಎಂಬುದೆಲ್ಲ ಬೇಕು. ಕಲ್ಲು ನೀರಿನಡಿ ಹೋದ ಮೇಲೆ ಅದನ್ನು ನೋಡಿದವರು ಬರೆದಿಟ್ಟ ಟಿಪ್ಪಣಿಯೇ ಉಳಿದ ಸಾಕ್ಷಿ.

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಇನಾಮು ಕಾಗದಗಳಿದ್ದರೆ ಅವುಗಳಲ್ಲಿ ಹಿಜರಿಯಲ್ಲದೆ ಶುಹೂರ್ ಸನ್ ಅಥವಾ ಫಸಲಿಯೂ ಇರಬಹುದು. ಶುಹೂರ್ ಸನ್ನಿಗೆ 599 ಅಥವಾ 600, ದಖ್ಖನಿ ಫಸಲಿಗೆ 590 ಅಥವಾ 591 ಕೂಡಿಸಿದರೆ ಇಸವಿ ಬರುತ್ತದೆ. ಹಿಜರಿಗೆ ಮಾತ್ರ ನೇರವಾಗಿ ಕೂಡಿಸಬೇಡಿ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ಹತ್ತಿರದ ವರ್ಷ ಸಿಗುತ್ತದೆ. ಖಚಿತ ವರ್ಷಕ್ಕೆ ತಿಂಗಳು ನೋಡಿ ಪಂಚಾಂಗದ ಕೋಷ್ಟಕ ತೆಗೆಯಬೇಕು.

ಇಳಕಲ್: ಬಾಯಿಮಾತಿನ ಆಕರ

ನಮ್ಮ ನೇಕಾರರ ಚರಿತ್ರೆ ಬಹುಪಾಲು ಕಾಗದದ ಮೇಲಿಲ್ಲ, ಹಿರಿಯರ ನಾಲಿಗೆಯ ಮೇಲಿದೆ. ಮುರ್ತುಜಾ ಖಾದ್ರಿ ದರ್ಗಾದ ಉರುಸಿನಲ್ಲಿ ಕೇಳುವ ಕಥೆಗಳೂ ಹಾಗೆಯೇ. ಬಾಯಿಮಾತು ಕೀಳಾದ ಆಕರವಲ್ಲ, ಆದರೆ ಅದಕ್ಕೂ ಹವಾಲೆ ಬೇಕು. ಹೇಳಿದವರ ಹೆಸರು (ಅವರ ಒಪ್ಪಿಗೆ ಪಡೆದು), ವಯಸ್ಸು, ಕಸಬು, ಊರು, ಮಾತಾಡಿದ ದಿನಾಂಕ ಬರೆದಿಡಿ. ‘ಅಜ್ಜ ತಾವೇ ಕಂಡದ್ದು’ ಮತ್ತು ‘ಅಜ್ಜ ತಮ್ಮ ಅಜ್ಜನಿಂದ ಕೇಳಿದ್ದು’ ಎರಡೂ ಒಂದೇ ಅಲ್ಲ. ಇಸ್ನಾದ್ ಕಲಿಸಿದ್ದೂ ಇದನ್ನೇ.

ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಿಂದ ತಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಯಾವುದು, ಸೆರಗು ಯಾವುದು ಎಂಬುದು ನೋಡಿದವರಿಗೆ ತಿಳಿಯುತ್ತದೆ, ಸೀರೆ ಮಾತ್ರ ಒಂದೇ. ನಿಮ್ಮ ಪ್ರಬಂಧವೂ ಹಾಗಿರಲಿ. ಇನ್ನೊಬ್ಬರ ಮಾತು ಉದ್ಧರಣ ಚಿಹ್ನೆಯೊಳಗೆ ಬೇರೆಯಾಗಿ ಕಾಣಲಿ, ಕೊಂಡಿ ಭದ್ರವಾಗಿರಲಿ.

ಬರೆಯುವ ಕ್ರಮ

ಎಂ.ಎಲ್.ಎ., ಎ.ಪಿ.ಎ., ಶಿಕಾಗೊ ಎಂದು ಹಲವು ಪದ್ಧತಿಗಳಿವೆ. ಇತಿಹಾಸದವರು ಹೆಚ್ಚಾಗಿ ಅಡಿಟಿಪ್ಪಣಿಯ ಪದ್ಧತಿಯನ್ನು ಬಳಸುತ್ತಾರೆ. ನಿಮ್ಮ ವಿಭಾಗ ಯಾವುದನ್ನು ಹೇಳುತ್ತದೋ ಅದನ್ನೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅನುಸರಿಸಿ. ಪದ್ಧತಿ ಯಾವುದೇ ಇರಲಿ, ಲೇಖಕರು, ಕೃತಿ, ಪ್ರಕಾಶಕರು, ಸ್ಥಳ, ವರ್ಷ, ಪುಟ ಎಂಬ ಆರು ಸಂಗತಿಗಳು ನಿಮ್ಮ ಟಿಪ್ಪಣಿಯಲ್ಲಿರಬೇಕು. ಪುಸ್ತಕ ಕೈಯಲ್ಲಿದ್ದಾಗಲೇ ಬರೆದುಕೊಳ್ಳಿ. ಗ್ರಂಥಾಲಯಕ್ಕೆ ಮರಳಿಸಿದ ಮೇಲೆ ಒಂದು ಪುಟಸಂಖ್ಯೆಗಾಗಿ ಮತ್ತೆ ಧಾರವಾಡಕ್ಕೆ ಹೋಗಬೇಕಾದೀತು!

ಹೆಸರಿನ ವಿಷಯದಲ್ಲಿ ಜಾಗರೂಕರಾಗಿರಿ. ನಮ್ಮ ಕಡೆ ಮುಲ್ಲಾ, ಅತ್ತಾರ, ನದಾಫ, ಬಾಗವಾನ, ಮುಜಾವರ ಎಂಬ ಅಡ್ಡಹೆಸರಿನವರು ಊರೂರಲ್ಲೂ ಇದ್ದಾರೆ. ಬರೀ ‘ಮುಲ್ಲಾ, ಪುಟ 20’ ಎಂದರೆ ಯಾವ ಮುಲ್ಲಾ? ಮುಖಪುಟದಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೆಯೇ ಪೂರ್ಣ ಹೆಸರು ಬರೆಯಿರಿ.

ಇಂಟರ್ನೆಟ್ಟಿನಿಂದ ತೆಗೆದುಕೊಂಡದ್ದಕ್ಕೆ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಕೊಡಿ. ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ ಪುಸ್ತಕಕ್ಕೂ ಲೇಖಕ, ಪುಟಸಂಖ್ಯೆ ಹಚ್ಚಿ ನಂಬುವಂತೆ ಹೇಳಿಬಿಡುತ್ತವೆ. ಕಣ್ಣಾರೆ ಕಾಣದ ಪುಟವನ್ನು ಹೆಸರಿಸಬೇಡಿ. ಯು.ಜಿ.ಸಿ. 2018 ರಲ್ಲಿ ಹೊರಡಿಸಿದ ನಿಯಮಗಳಂತೆ, ಮಹಾಪ್ರಬಂಧದಲ್ಲಿ ಶೇಕಡಾ 60 ಕ್ಕಿಂತ ಹೆಚ್ಚು ನಕಲು ಕಂಡುಬಂದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಶಿಕ್ಷೆಯ ಭಯಕ್ಕಾಗಿ ಮಾತ್ರ ಪ್ರಾಮಾಣಿಕರಾಗುವುದು ನಮಗೆ ಶೋಭಿಸದು.

ಕೊನೆಯದಾಗಿ ಒಂದು ಮಾತು. ನಮ್ಮ ಮಸೀದಿ, ದರ್ಗಾ, ಮಗ್ಗ, ಮನೆತನಗಳ ಬಗ್ಗೆ ಬರೆದವರು ಕಡಿಮೆ. ಬರೆಯಬೇಕಾದವರು ನೀವು. ಬರೆಯುವಾಗ ಮೊದಲು ನಮ್ಮ ಪ್ರೀತಿಯ ಮಾತುಗಳನ್ನೇ ಪರೀಕ್ಷೆಗೆ ಒಡ್ಡಿರಿ. ‘ಈ ಮಸೀದಿ ಸ್ವತಃ ಆದಿಲ್‌ಶಾಹನೇ ಕಟ್ಟಿಸಿದ್ದು’ ಎನ್ನುವ ಮುಂಚೆ ಕಲ್ಲಿದೆಯೇ, ಕಾಗದವಿದೆಯೇ ನೋಡಿ. ಇಲ್ಲದಿದ್ದರೆ ‘ಊರವರು ಹೀಗೆ ಹೇಳುತ್ತಾರೆ’ ಎಂದು ಬರೆಯಿರಿ. ಅದರಲ್ಲಿ ಅವಮಾನವಿಲ್ಲ. ಆಧಾರವಿಲ್ಲದ ಹೊಗಳಿಕೆಯನ್ನು ನಾವು ಬಿಟ್ಟಾಗಲೇ ಆಧಾರವಿಲ್ಲದ ತೆಗಳಿಕೆಯನ್ನು ಪ್ರಶ್ನಿಸುವ ನೈತಿಕ ಬಲ ನಮಗೆ ಬರುತ್ತದೆ.

ಅಂದು ನನ್ನ ಗುರುಗಳು ಕೇಳಿದ ಪ್ರಶ್ನೆಯನ್ನು ಇಂದು ನಿಮಗೆ ಒಪ್ಪಿಸುತ್ತಿದ್ದೇನೆ. ಮುಂದಿನ ಪ್ರಬಂಧದ ಪ್ರತಿಯೊಂದು ಸಾಲಿನ ಮುಂದೆ ನಿಂತು ‘ಇದನ್ನ ಎಲ್ಲಿ ಓದೀದಿ?’ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಜ್ಞಾನದ ಅಮಾನತ್ತನ್ನು ಕೆಡದಂತೆ ಮುಂದಿನವರಿಗೆ ತಲುಪಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.