ಗೌರಮ್ಮ ಮತ್ತು ಆರು ಪ್ರಶ್ನಾರ್ಥಕ ಚಿಹ್ನೆಗಳು

ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಒಂದು ಸಹಕಾರ ಸಂಘದ ಸದಸ್ಯರ ವಿವರಗಳನ್ನು ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸೋ ಕೆಲಸ ನನ್ನ ತಲೆಗೆ ಬಿತ್ತು. ಹಳೇದು ಒಂದು ಎಕ್ಸ್‌ಎಂಎಲ್ ಫೈಲು ಕೊಡುತ್ತೆ, ನಾನು ಅದನ್ನ ಓದಿ ಎಸ್‌ಕ್ಯೂಎಲ್ ಸರ್ವರಿನ ಟೇಬಲ್ಲಿಗೆ ತುಂಬಬೇಕು. ಡಿಬಿಎಂಎಸ್ ಲ್ಯಾಬಿನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡವನಿಗೆ ಇದೇನು ಮಹಾ ಅಂದ್ಕೊಂಡು ಒಂದೇ ಮಧ್ಯಾಹ್ನ ಬರೆದು ಮುಗಿಸಿದೆ. ಡಿಸೋಜ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಬರೋ ಒಂಟಿ ಕೋಟ್ ಚಿಹ್ನೆಯಿಂದ ಒಮ್ಮೆ ಎಡವಟ್ಟಾಯ್ತು. ಅದನ್ನ ಎರಡು ಕೋಟ್ ಮಾಡಿ ತೇಪೆ ಹಚ್ಚಿದೆ. ಎರರ್ ಇಲ್ಲ, ಎಲ್ಲ ಹಸಿರು.

ಮೂರನೇ ದಿನ ಸಂಘದ ಕಾರ್ಯದರ್ಶಿಗಳಿಂದ ಫೋನು. ಸರ್ವ ಸದಸ್ಯರ ಸಭೆಗೆ ಅಂತ ಪಟ್ಟಿ ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. "ಏನ್ರೀ, ನಮ್ಮ ಸದಸ್ಯರನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಟ್ರಲ್ಲ?"

ನೋಡಿದ್ರೆ ನಿಜ. ಎಕ್ಸ್‌ಎಂಎಲ್ ಫೈಲಿನಲ್ಲಿ "ಗೌರಮ್ಮ" ಅಂತ ಮುತ್ತಿನಂಥ ಅಕ್ಷರ. ಟೇಬಲ್ಲಿನಲ್ಲಿ "??????". ಕಣ್ಣಿಗೆ ಮೂರೇ ಅಕ್ಷರ ಆದರೂ ಯೂನಿಕೋಡಿನ ಲೆಕ್ಕದಲ್ಲಿ ಗೌರಮ್ಮ ಆರು (ಗ, ಔಕಾರದ ಚಿಹ್ನೆ, ರ, ಮ, ಹಲಂತ, ಮತ್ತೊಂದು ಮ), ಅದಕ್ಕೇ ಆರು ಚಿಹ್ನೆ. ಪಕ್ಕದ ಸೀಟಿನ ಸೀನಿಯರ್ ಬಗ್ಗಿ ನೋಡಿ, "ನುಡಿಯಲ್ಲಿ ಟೈಪ್ ಮಾಡಿದ್ರೆ ಈ ತಾಪತ್ರಯ ಇರ್ತಿರಲಿಲ್ಲ ಮಾರಾಯ" ಅಂದು ಕಾಫಿಗೆ ಹೋದರು. ಅವರು ತಮಾಷೆಗೆ ಹೇಳಿದ್ದಲ್ಲ ಅಂತ ಗೊತ್ತಾಗೋಕೆ ನನಗೆ ಒಂದಷ್ಟು ಇತಿಹಾಸ ಓದಬೇಕಾಯ್ತು.

ಕಥೆ ಶುರುವಾಗೋದು ಚಂದ್ರನ ದಾರಿಯಲ್ಲಿ. ಅಪೋಲೋ ಯೋಜನೆಯ ರಾಕೆಟ್ಟಿಗೆ ಬೇಕಾದ ಲಕ್ಷಗಟ್ಟಲೆ ಬಿಡಿಭಾಗಗಳ ಲೆಕ್ಕ ಇಡೋಕೆ ಅಂತ ಐಬಿಎಂನವರು ನಾರ್ತ್ ಅಮೆರಿಕನ್ ರಾಕ್‌ವೆಲ್ ಜೊತೆ ಸೇರಿ ಒಂದು ವ್ಯವಸ್ಥೆ ಕಟ್ಟಿದರು. 1968ರಲ್ಲಿ ಓಡತೊಡಗಿದ ಅದಕ್ಕೆ ಆಮೇಲೆ ಐಎಂಎಸ್ ಅಂತ ಹೆಸರಾಯ್ತು. ಅದರೊಳಗೆ ಮಾಹಿತಿ ಇದ್ದದ್ದು ಮರದ ಆಕಾರದಲ್ಲಿ. ರಾಕೆಟ್ಟಿನ ಕೆಳಗೆ ಎಂಜಿನ್ನು, ಎಂಜಿನ್ನಿನ ಕೆಳಗೆ ಪಂಪು, ಪಂಪಿನ ಕೆಳಗೆ ಬೋಲ್ಟು. ಒಂದು ಬೋಲ್ಟು ಬೇಕಂದ್ರೆ ಪ್ರೋಗ್ರಾಮರ್ ಬುಡದಿಂದ ಕೊಂಬೆ ಕೊಂಬೆ ಹತ್ತಬೇಕು. ಮರದ ಆಕಾರ ಬದಲಾದರೆ ಅದನ್ನು ನಂಬಿಕೊಂಡು ಬರೆದ ಪ್ರೋಗ್ರಾಮುಗಳನ್ನೂ ತಿದ್ದಬೇಕು.

ಇದು ಸರಿಯಿಲ್ಲ ಅಂದವರು ಎಡ್ಗರ್ ಕಾಡ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದವರು, ಆಮೇಲೆ ಅಮೆರಿಕಾದ ಐಬಿಎಂ ಸೇರಿದವರು. ಜೂನ್ 1970ರಲ್ಲಿ ಬಂದ ಅವರ ಪ್ರಬಂಧದ ಸಾರ ಇಷ್ಟು: ಮಾಹಿತಿಯನ್ನು ಸರಳವಾದ ಕೋಷ್ಟಕಗಳಲ್ಲಿಡಿ, ಏನು ಬೇಕು ಅಂತ ಕೇಳಿ, ಹೇಗೆ ಹುಡುಕಬೇಕು ಅನ್ನೋದನ್ನ ಯಂತ್ರಕ್ಕೆ ಬಿಡಿ. ಐಎಂಎಸ್ ಮಾರುತ್ತಿದ್ದ ಕಂಪನಿಯೊಳಗೇ ಕೂತು ಇದನ್ನ ಹೇಳೋಕೆ ಗಟ್ಟಿ ಎದೆ ಬೇಕು.

ಕಾಡ್ ಬರೆದದ್ದು ಗಣಿತ. ಅದಕ್ಕೆ ಮನುಷ್ಯರು ಓದಬಹುದಾದ ಭಾಷೆ ಕೊಟ್ಟವರು ಅದೇ ಐಬಿಎಂನ ಇಬ್ಬರು ಹುಡುಗರು, ಡಾನ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್. 1974ರಲ್ಲಿ ಅವರ ಪ್ರಬಂಧ ಬಂತು. ಭಾಷೆಯ ಹೆಸರು ಆಗ ಸೀಕ್ವೆಲ್. ಆ ಹೆಸರು ಒಂದು ಬ್ರಿಟಿಷ್ ವಿಮಾನ ಕಂಪನಿಯ ಟ್ರೇಡ್‌ಮಾರ್ಕ್ ಅಂತ ತಕರಾರಾಗಿ ಎಸ್‌ಕ್ಯೂಎಲ್ ಆಯ್ತು. ಆದರೆ ಬಾಯ್ಸ್ ಅದನ್ನ ನೋಡಲಿಲ್ಲ. ಪ್ರಬಂಧ ಮಂಡಿಸಿದ ವರ್ಷವೇ ಮೆದುಳಿನ ರಕ್ತನಾಳದ ತೊಂದರೆಯಿಂದ ತೀರಿಹೋದರು. ಇನ್ನೂ ಮೂವತ್ತು ದಾಟಿರಲಿಲ್ಲ. ಪರೀಕ್ಷೆಯಲ್ಲಿ ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್ ಅಂತ ಉರು ಹೊಡೆದು ಬರೆದಿದ್ದೆ. ಆ ಬಾಯ್ಸ್ ಹೆಚ್ಚುಕಮ್ಮಿ ನನ್ನ ವಯಸ್ಸಿನವನು ಅಂತ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಈಗ ಗೌರಮ್ಮನ ವಿಷಯಕ್ಕೆ ಬರೋಣ. ಎಸ್‌ಕ್ಯೂಎಲ್ ಹುಟ್ಟಿದ ಕಾಲದಲ್ಲಿ ಒಂದು ಅಕ್ಷರ ಅಂದ್ರೆ ಒಂದು ಬೈಟು. ಒಂದು ಬೈಟಿನಲ್ಲಿ 256 ಕೋಣೆ, ಅದರಲ್ಲಿ ಇಂಗ್ಲಿಷು, ಅಂಕಿಗಳು, ಹೆಚ್ಚೆಂದರೆ ಯುರೋಪಿನ ಒಂದಷ್ಟು ಅಕ್ಷರ. ಭಾರತದ ಲಿಪಿಗಳಿಗೆ ಅಂತ ಇಸ್ಕಿ ಸಂಕೇತ ವ್ಯವಸ್ಥೆ ಇತ್ತು. ಅದರ 1988ರ ಜೋಡಣೆಯನ್ನೇ ಇಟ್ಟುಕೊಂಡು 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತು. ಅಷ್ಟು ಹೊತ್ತಿಗೆ ಎಸ್‌ಕ್ಯೂಎಲ್‌ಗೆ ಹದಿನೇಳು ವರ್ಷ, ಒರಾಕಲ್ ಮಾರುಕಟ್ಟೆಗೆ ಬಂದು ಹನ್ನೆರಡು. ಬ್ಯಾಂಕುಗಳು ಅದರ ಮೇಲೇ ಕೂತಿದ್ದವು. ಕಟ್ಟಿ ಮುಗಿಸಿದ ಮನೆಯ ಪಾಯ ಅಗೆಯೋಕಾಗುತ್ತಾ? ಪಕ್ಕದಲ್ಲೊಂದು ಕೋಣೆ ಕಟ್ಟಿದರು. 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡಿನಲ್ಲಿ "ನ್ಯಾಷನಲ್ ಕ್ಯಾರೆಕ್ಟರ್" ಅಂತ ಬೇರೆ ಜಾತಿಯ ಕಾಲಮ್ಮು ಬಂತು. ಬೆಲೆಯನ್ನು ನೇರವಾಗಿ ಬರೆಯುವಾಗ ಕೋಟ್ ಚಿಹ್ನೆಯ ಮುಂದೆ ದೊಡ್ಡ ಎನ್ ಹಾಕಬೇಕು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿಗೆ ಎನ್‌ವಾರ್‌ಚಾರ್ ಬಂದದ್ದು 1998ರ 7.0 ಆವೃತ್ತಿಯಲ್ಲಿ.

ನನ್ನ ಕಾಲಮ್ಮು ಎನ್‌ವಾರ್‌ಚಾರೇ ಇತ್ತು. ಎನ್ ಹಾಕದೆ ತುಂಬಿದ್ದೆ! ಎನ್ ಇಲ್ಲದ ಪದವನ್ನು ಸರ್ವರು ಮೊದಲು ಡೇಟಾಬೇಸಿನ ಹಳೇ ಕೋಡ್‌ಪೇಜಿಗೆ ಇಳಿಸುತ್ತೆ, ನಮ್ಮದರಲ್ಲಿ ಅದು ಲ್ಯಾಟಿನ್. ವಿಂಡೋಸಿನಲ್ಲಿ ಕನ್ನಡಕ್ಕೆ ಅಂತ ಅಂಥ ಆನ್ಸಿ ಕೋಡ್‌ಪೇಜೇ ಇಲ್ಲ. ಅಕ್ಷರ ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ, ಅಂದರೆ 63ನೇ ಸಂಕೇತ. ಗೌರಮ್ಮನೂ 63, ರಂಗಪ್ಪನೂ 63. ನಮ್ಮ ಸೀನಿಯರ್ ಹೇಳಿದ್ದು ಇದಕ್ಕೇ. ನುಡಿ, ಬರಹಗಳ ಹಳೇ ಫಾಂಟುಗಳು ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಡೇಟಾಬೇಸಿಗೆ ಅದು ಅರ್ಥವಿಲ್ಲದ ಲ್ಯಾಟಿನ್, ಆದರೆ ಸುರಕ್ಷಿತ. ಕಚೇರಿಗಳಲ್ಲಿ ಯೂನಿಕೋಡಿಗೆ ಬನ್ರೀ ಅಂದ್ರೆ ಯಾಕೆ ಮೂಗು ಮುರೀತಾರೆ ಅಂತ ಬೈಕೊಳ್ತಿದ್ದೆ, ಆಮೇಲಿಂದ ಅಷ್ಟು ಬೈದಿಲ್ಲ :-)

ಇನ್ನೂ ನಾಚಿಕೆಯ ಸಂಗತಿ ಅಂದ್ರೆ, ಇದಕ್ಕೆ ಮದ್ದು ನಾನು ಹುಟ್ಟೋ ಮೊದಲೇ ಬಂದಿತ್ತು. ಮೊದಲು ಒಂದೊಂದು ಡೇಟಾಬೇಸಿಗೂ ಪ್ರೋಗ್ರಾಮಿನಿಂದ ಮಾತಾಡೋಕೆ ಒಂದೊಂದು ಲೈಬ್ರರಿ. 1992ರಲ್ಲಿ ಮೈಕ್ರೋಸಾಫ್ಟಿನ ಒಡಿಬಿಸಿ, 1997ರಲ್ಲಿ ಜಾವಾದ ಜೆಡಿಬಿಸಿ ಬಂದು ಆ ಗೋಜಲು ಬಿಡಿಸಿದವು. ಅವುಗಳಲ್ಲಿ ಬೆಲೆ ಬರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು, ನಿಜವಾದ ಬೆಲೆಯನ್ನು ಪ್ಯಾರಾಮೀಟರ್ ಆಗಿ ಬೇರೆಯಾಗಿ ಕಳಿಸಬಹುದು. 2002ರಲ್ಲಿ ಬಂದ ಎಡಿಒ ಡಾಟ್ ನೆಟ್‌ನಲ್ಲೂ ಎಸ್‌ಕ್ಯೂಎಲ್ ಸರ್ವರಿಗೆ ಪ್ಯಾರಾಮೀಟರ್ ಕಳಿಸಿದರೆ ಸ್ಟ್ರಿಂಗ್ ತಾನಾಗೇ ಯೂನಿಕೋಡಾಗಿ ಹೋಗುತ್ತೆ. ಎನ್ ಬೇಡ, ಡಿಸೋಜರ ಕೋಟಿಗೆ ತೇಪೆಯೂ ಬೇಡ. ನಾನು ಮಾತ್ರ ಪ್ಲಸ್ ಹಾಕಿ ಸ್ಟ್ರಿಂಗ್ ಹೊಲಿದಿದ್ದೆ. ಡಿಸೋಜರ ಹೆಸರು ಎಚ್ಚರಿಸಿದಾಗಲೇ ಎದ್ದಿದ್ದರೆ..

ಹಾಗಾದರೆ ಎಕ್ಸ್‌ಎಂಎಲ್‌ನಲ್ಲಿ ಗೌರಮ್ಮ ಹೇಗೆ ಉಳಿದಳು? ಅದರ ಬೇರೂ ಐಬಿಎಂನಲ್ಲೇ ಇದೆ. 1969ರಲ್ಲಿ ವಕೀಲರ ಕಚೇರಿಯ ದಾಖಲೆಗಳನ್ನು ನಿಭಾಯಿಸೋ ಕೆಲಸಕ್ಕೆ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಅನ್ನೋ ಮೂವರು ಒಂದು ಗುರುತು ಹಾಕೋ ಭಾಷೆ ಮಾಡಿದರು. ಹೆಸರು ಜಿಎಂಎಲ್, ಮೂವರ ಮೊದಲಕ್ಷರಗಳು. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಅನ್ನೋ ಐಎಸ್‌ಒ ಸ್ಟ್ಯಾಂಡರ್ಡ್ ಆಯ್ತು. ಬಲು ಭಾರ, ಹೊರೋರು ಕಡಿಮೆ. ಅದನ್ನ ವೆಬ್ಬಿಗೆ ಇಳಿಸೋಣ ಅಂತ 1996ರಲ್ಲಿ ಜಾನ್ ಬೋಸಾಕ್ ಮುಂದಾಳತ್ವದ ಗುಂಪು ಕೂತಿತು. 1998ರ ಫೆಬ್ರವರಿ 10ಕ್ಕೆ ಎಕ್ಸ್‌ಎಂಎಲ್ 1.0 ಬಂತು. ಮೂವರಲ್ಲಿ ಲೋರಿ ಇದ್ದಾರಲ್ಲ, ಅವರು ಆಮೇಲೆ ಎಸ್‌ಕ್ಯೂಎಲ್ ಬೆಳೆದ ಸಿಸ್ಟಂ ಆರ್ ತಂಡದಲ್ಲೂ ಇದ್ದರು. ಮರ ಮತ್ತು ಟೇಬಲ್ಲು, ಎರಡು ಮನೆಗೂ ನೆಂಟರು.

ಎಕ್ಸ್‌ಎಂಎಲ್ ಮಾಡಿದವರಿಗೆ ಒಂದು ಅದೃಷ್ಟ: ಅವರು ಯೂನಿಕೋಡ್ ಬಂದ ಮೇಲೆ ಕೂತರು. ಹಾಗಾಗಿ ಶುರುವಿನಲ್ಲೇ ನಿಯಮ ಹಾಕಿದರು, ಎಕ್ಸ್‌ಎಂಎಲ್ ಓದುವ ಯಾವ ಪ್ರೋಗ್ರಾಮೂ ಯುಟಿಎಫ್-8 ಮತ್ತು ಯುಟಿಎಫ್-16 ಎರಡನ್ನೂ ಓದಲೇಬೇಕು. ಅಷ್ಟೇ ಅಲ್ಲ, ಟ್ಯಾಗುಗಳ ಹೆಸರಿನಲ್ಲಿ ಬರಬಹುದಾದ ಅಕ್ಷರಗಳ ಪಟ್ಟಿ ಆ ದಾಖಲೆಯ ಕೊನೆಯಲ್ಲಿದೆ, ಅದರಲ್ಲಿ ಕನ್ನಡದ ಸಾಲುಗಳೂ ಇವೆ. "ಹೆಸರು", "ಊರು" ಅಂತ ಕನ್ನಡದಲ್ಲೇ ಟ್ಯಾಗು ಬರೆಯಬಹುದು. ಆ ರಾತ್ರಿ ಪರೀಕ್ಷೆ ಮಾಡಿದೆ, ಪಾರ್ಸರ್ ಒಂದು ಮಾತಿಲ್ಲದೆ ಓದಿತು. ಒಬ್ಬನೇ ಕೂತು ನಕ್ಕೆ.

ಆಮೇಲಿನದು ಗೊತ್ತಿರೋದೇ. ಸಾಲಾಗಿ ಓದಿಕೊಂಡು ಹೋಗೋ ಸ್ಯಾಕ್ಸ್, ಇಡೀ ಮರವನ್ನು ಮೆಮೊರಿಗೆ ತಂದಿಡೋ ಡಾಮ್, ಎರಡೂ 1998ರವೇ. ಡೇಟಾಬೇಸುಗಳೂ ಮರವನ್ನ ಒಳಗೆ ಬಿಟ್ಟುಕೊಂಡವು. ಎಸ್‌ಕ್ಯೂಎಲ್ ಸರ್ವರಿನಲ್ಲಿ 2005ಕ್ಕೆ ಎಕ್ಸ್‌ಎಂಎಲ್ ಕಾಲಮ್ಮು ಬಂತು. 2007ರಲ್ಲಿ ಆ ಮರವನ್ನ ಪ್ರಶ್ನಿಸೋಕೆ ಎಕ್ಸ್‌ಕ್ವೆರಿ ಸ್ಟ್ಯಾಂಡರ್ಡಾಯ್ತು. ಅದನ್ನ ರೂಪಿಸಿದವರಲ್ಲಿ ಪ್ರಮುಖರು ಯಾರು ಗೊತ್ತಾ? ಅದೇ ಡಾನ್ ಚೇಂಬರ್ಲಿನ್. ಮೂವತ್ತು ವರ್ಷದ ಹಿಂದೆ ಟೇಬಲ್ಲಿಗೆ ಭಾಷೆ ಕೊಟ್ಟವರು. ಅಷ್ಟರಲ್ಲಿ ಜೆಸನ್ ಬಂದು ಎಕ್ಸ್‌ಎಂಎಲ್‌ನ ಜಾಗ ತಿನ್ನತೊಡಗಿತ್ತು. ನಮ್ಮ ಆದಾಯ ತೆರಿಗೆ ಇಲಾಖೆ ಕೂಡ 2021ರಲ್ಲಿ ರಿಟರ್ನಿನ ಫೈಲನ್ನ ಎಕ್ಸ್‌ಎಂಎಲ್‌ನಿಂದ ಜೆಸನ್ನಿಗೆ ಬದಲಾಯಿಸಿತು. ಆದರೂ ನೀವು ಉಳಿಸೋ ಒಂದೊಂದು ಡಾಕ್ಸ್ ಫೈಲಿನ ಹೊಟ್ಟೆಯಲ್ಲಿ ಇರೋದು ಎಕ್ಸ್‌ಎಂಎಲ್ಲೇ.

ಸಂಘದ ಪಟ್ಟಿ ಏನಾಯ್ತು ಅಂತ ಕೇಳ್ತೀರಾ? ಮೂಲದ ಎಕ್ಸ್‌ಎಂಎಲ್ ಫೈಲು ಅಳಿಸಿರಲಿಲ್ಲ, ಪುಣ್ಯ. ಪ್ಯಾರಾಮೀಟರ್ ಹಾಕಿ ಮತ್ತೆ ತುಂಬಿದೆ, ಹತ್ತು ನಿಮಿಷದ ಕೆಲಸ. ಆದರೆ ಆ ಮೂರು ದಿನದಲ್ಲಿ ಅವರು ನನ್ನ ಹೊಸ ಸ್ಕ್ರೀನಿನಲ್ಲೇ ಹದಿನಾಲ್ಕು ಹೊಸ ಸದಸ್ಯರನ್ನು ಸೇರಿಸಿದ್ದರು. ಅವಕ್ಕೆ ಎಕ್ಸ್‌ಎಂಎಲ್ ಇಲ್ಲ. ಎಲ್ಲ 63, 63, 63. ಅದರಿಂದ ಹೆಸರು ವಾಪಸ್ ತರೋ ಯಾವ ಮಂತ್ರವೂ ಇಲ್ಲ. ಗುಮಾಸ್ತರು ಕಾಗದದ ಅರ್ಜಿಗಳನ್ನು ಹುಡುಕಿ ತೆಗೆದು ಫೋನಿನಲ್ಲಿ ಒಂದೊಂದಾಗಿ ಓದಿದರು, ನಾನು ಟೈಪ್ ಮಾಡಿದೆ. ಹನ್ನೊಂದನೆಯದಕ್ಕೆ, "ಗೌರಮ್ಮ ಅಲ್ಲ ಸಾರ್, ಇವರು ಗೌರವ್ವ" ಅಂದರು. ಒಂದು ಅರ್ಜಿಯ ಇಂಕು ನೀರು ಬಿದ್ದು ಹರಡಿತ್ತು. ಅದೊಂದಕ್ಕೆ ಅವರು ಸಂಜೆ ಆ ಸದಸ್ಯರ ಮನೆಗೇ ಹೋಗಿ ಹೆಸರು ಕೇಳಿಕೊಂಡು ಬಂದು ಎಂಟು ಗಂಟೆಗೆ ಫೋನ್ ಮಾಡಿದರು.