ಬಾಯ್ಕಾಟ್ ಸಾಹೇಬರೂ ನಮ್ಮ ಬಹಿಷ್ಕಾರವೂ

ದಿನ ಬೆಳಗಾದರೆ ಪತ್ರಿಕೆಗಳಲ್ಲಿ ಕಾಣಸಿಗುವ ಪದ ಬಾಯ್ಕಾಟ್. ವಿರೋಧ ಪಕ್ಷದವರು ಕಲಾಪವನ್ನು ಬಾಯ್ಕಾಟ್ ಮಾಡುತ್ತಾರೆ, ವಿದ್ಯಾರ್ಥಿಗಳು ಪರೀಕ್ಷೆಯನ್ನು, ಊರಿಗೆ ರಸ್ತೆಯಾಗಲಿಲ್ಲವೆಂದು ಹಳ್ಳಿಯವರು ಮತದಾನವನ್ನು. ಇದರ ಧಾತು ಲ್ಯಾಟಿನ್ನಿನದೋ ಗ್ರೀಕಿನದೋ ಎಂದು ಹುಡುಕಹೊರಟರೆ ಸಿಗುವುದು ಧಾತುವಲ್ಲ, ಒಬ್ಬ ಮನುಷ್ಯ: ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್.

ಈತ 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹುಟ್ಟಿದವನು. ಕೆಲಕಾಲ ಸೈನ್ಯದಲ್ಲಿದ್ದು, ಆಮೇಲೆ ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ, ಲಾಕ್ ಮಾಸ್ಕ್ ಎಂಬ ಸರೋವರದ ದಂಡೆಯಲ್ಲಿ ನೆಲೆಸಿದ. ಅಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಏಜೆಂಟನಾದ. ನಮ್ಮ ಮಾತಿನಲ್ಲಿ ಪಾರುಪತ್ಯಗಾರ. ಗೇಣಿ ವಸೂಲು ಮಾಡುವುದು, ಕೊಡದವರನ್ನು ಒಕ್ಕಲೆಬ್ಬಿಸುವುದು ಅವನ ಕೆಲಸ.

1879ರಲ್ಲಿ ಐರ್ಲೆಂಡಿನಲ್ಲಿ ಬೆಳೆ ಕೆಟ್ಟಿತು. ಅದೇ ವರ್ಷ ರೈತರ ಲ್ಯಾಂಡ್ ಲೀಗ್ ಹುಟ್ಟಿತು. ಮರುವರ್ಷ ಅರ್ನನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25ರಷ್ಟು ಇಳಿಸಬೇಕೆಂದರು; ಧಣಿ ಹತ್ತಕ್ಕಷ್ಟೇ ಒಪ್ಪಿದ. ಆಗ ಲೀಗಿನ ನಾಯಕ ಪಾರ್ನೆಲ್ 1880ರ ಸೆಪ್ಟೆಂಬರ್ 19ರಂದು ಎನಿಸ್ ಎಂಬ ಊರಿನಲ್ಲಿ ಭಾಷಣ ಮಾಡುತ್ತ, ಒಕ್ಕಲೆಬ್ಬಿಸಿದವನ ಹೊಲವನ್ನು ಇನ್ನೊಬ್ಬ ಹಿಡಿದರೆ ಅವನಿಗೇನು ಮಾಡಬೇಕೆಂದು ಕೇಳಿದರು. ಗುಂಡಿಕ್ಕಿ ಎಂದು ಗುಂಪಿನಿಂದ ಕೂಗು ಬಂತು. ಬೇಡ, ಅದಕ್ಕಿಂತ ಒಳ್ಳೆಯ ದಾರಿಯಿದೆ. ಬೀದಿಯಲ್ಲಿ, ಅಂಗಡಿಯಲ್ಲಿ, ದೇವರ ಮನೆಯಲ್ಲೂ ಅವನೊಡನೆ ಮಾತು ಬಿಡಿ ಎಂದರು ಪಾರ್ನೆಲ್.

ಕೆಲವೇ ದಿನಗಳಲ್ಲಿ ಈ ಅಸ್ತ್ರ ಬಾಯ್ಕಾಟನ ಮೇಲೆಯೇ ಬಿತ್ತು. ಒಕ್ಕಲೆಬ್ಬಿಸುವ ನೋಟೀಸುಗಳನ್ನು ಅವನು ಕಳಿಸಿದ್ದೇ ತಡ, ಆಳುಗಳು ಮನೆ ಬಿಟ್ಟು ನಡೆದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಆಲೂಗಡ್ಡೆ, ಟರ್ನಿಪ್ ಹಾಗೇ ನಿಂತವು. ಗೋಳು ತೋಡಿಕೊಂಡು ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕಾಗದ ಬರೆದ. ನವೆಂಬರಿನಲ್ಲಿ ಉತ್ತರದ ಪ್ರಾಂತಗಳಿಂದ 50 ಮಂದಿ ಕೂಲಿಗಳು ಬಂದರು. ಅವರನ್ನು ಕಾಯಲು ಸಾವಿರದಷ್ಟು ಸೈನಿಕರು, ಪೊಲೀಸರು. ಸುಮಾರು 500 ಪೌಂಡು ಬೆಲೆಯ ಬೆಳೆ ಒಕ್ಕಲು ಸರಕಾರಕ್ಕೆ ತಗುಲಿದ್ದು ಸುಮಾರು 10,000 ಪೌಂಡು! ಕೊಯ್ಲು ಮುಗಿದೊಡನೆ ಬಾಯ್ಕಾಟ್ ಊರು ಬಿಟ್ಟ. ಯಾರೂ ಅವನ ಮೈ ಮುಟ್ಟಲಿಲ್ಲವೆಂಬುದನ್ನು ಗಮನಿಸಬೇಕು.

ಪದವನ್ನು ಟಂಕಿಸಿದ ಕೀರ್ತಿ ಆ ಊರಿನ ಪಾದ್ರಿ ಜಾನ್ ಓಮ್ಯಾಲಿಗೆ ಸಲ್ಲುತ್ತದೆ. ಅಮೇರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಈ ಕ್ರಮಕ್ಕೆ ‘ಆಸ್ಟ್ರಸೈಸ್’ ಎನ್ನೋಣವೆಂದರೆ ರೈತರಿಗೆ ಅರ್ಥವಾಗದು. ಬಾಯ್ಕಾಟ್ ಮಾಡುವುದು ಎಂದರೆ ಹೇಗೆ ಎಂದರಂತೆ ಪಾದ್ರಿ. ಆಸ್ಟ್ರಸೈಸ್ ಎಂಬುದಕ್ಕೆ ಮೂಲ ಗ್ರೀಕರ ಮಡಕೆಯ ಚೂರು. ಅಥೆನ್ಸಿನ ಪ್ರಜೆಗಳು ಚೂರಿನ ಮೇಲೆ ಹೆಸರು ಗೀಚಿ ಮನುಷ್ಯನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು. ನಮ್ಮಲ್ಲಿಯೂ ಮಡಕೆಯಿತ್ತು. ಜಾತಿಗೆಟ್ಟವರೆಂದು ತೀರ್ಮಾನಿಸಿ, ಬದುಕಿರುವವರಿಗೇ ಮಾಡುತ್ತಿದ್ದ ಘಟಶ್ರಾದ್ಧವನ್ನು ಅನಂತಮೂರ್ತಿಯವರ ಕಥೆಯಿಂದ, 1977ರ ಕಾಸರವಳ್ಳಿಯವರ ಚಿತ್ರದಿಂದ ಕನ್ನಡಿಗರು ಬಲ್ಲರು. ಅಲ್ಲಿ ಹತ್ತು ವರ್ಷದ ಅವಧಿಯೂ ಇಲ್ಲ.

ತೊಡಕು ಹುಟ್ಟಿದ್ದು ಇಲ್ಲಿಯೇ. 1905ರ ಆಗಸ್ಟ್ 7ರಂದು ಕಲಕತ್ತೆಯ ಟೌನ್ ಹಾಲಿನಲ್ಲಿ, ವಂಗಭಂಗವನ್ನು ವಿರೋಧಿಸಿ ವಿದೇಶೀ ಮಾಲಿನ ಬಾಯ್ಕಾಟಿಗೆ ನಿರ್ಣಯವಾಯಿತು. ಪದ ದೇಶದಲ್ಲೆಲ್ಲ ಹಬ್ಬಿತು. ಪುಣೆಯಲ್ಲಿ ತಿಲಕರು ಸ್ವರಾಜ್ಯ, ಸ್ವದೇಶಿ, ರಾಷ್ಟ್ರೀಯ ಶಿಕ್ಷಣಗಳ ಜೊತೆ ಬಹಿಷ್ಕಾರವನ್ನೂ ಸೇರಿಸಿ ಚತುಃಸೂತ್ರಿ ಎಂದರು. ಕನ್ನಡಕ್ಕೂ ಅದೇ ಶಬ್ದ ನಿಂತಿತು. ಆದರೆ ಬಹಿಷ್ಕಾರವೆಂಬುದು ನಮ್ಮಲ್ಲಿ ಹೊಸದಾಗಿರಲಿಲ್ಲ. ಜಾತಿಯ ಹಿರಿಯರು ಬೆಂಕಿ ನೀರು ನಿಲ್ಲಿಸುವುದಕ್ಕೆ ಇದ್ದ ಹೆಸರು ಅದು. ಗೇಣಿದಾರನು ಧಣಿಗೆ ಎದುರು ನಿಲ್ಲುವ ಉಪಾಯವೂ, ಧಣಿಯೇ ಕೂಲಿಯವನ ಹೊಟ್ಟೆಯ ಮೇಲೆ ಹೊಡೆಯುವ ಉಪಾಯವೂ ಒಂದೇ ಶಬ್ದದೊಳಗೆ ಕೂತವು.

ಈ ವ್ಯತ್ಯಾಸವನ್ನು ಅಂಬೇಡ್ಕರರಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ ಎಂದೇ ನಮ್ಮ ಭಾವನೆ. 1924ರಲ್ಲಿ ನಮ್ಮ ಈ ಮುಂಬಯಿಯಲ್ಲಿಯೇ ಅವರು ಸ್ಥಾಪಿಸಿದ್ದು ಬಹಿಷ್ಕೃತ ಹಿತಕಾರಿಣೀ ಸಭಾ. 1927ರಲ್ಲಿ ಹೊರಡಿಸಿದ ಪತ್ರಿಕೆ ಬಹಿಷ್ಕೃತ ಭಾರತ. ಸುತ್ತಲವರು ಪರದೇಶದ ಬಟ್ಟೆಯನ್ನು ಬಹಿಷ್ಕರಿಸುವ ಮಾತಾಡುತ್ತಿದ್ದಾಗ, ತಾವೇ ಬಹಿಷ್ಕೃತರೆಂದು ಹೆಸರಿಟ್ಟುಕೊಂಡವರು ಅವರು. ಅವರು ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿ 1930ರಲ್ಲಿ ಮುಂಬಯಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಈ ಶಿಕ್ಷೆಯ ವಿವರವಿದೆ: ಹಕ್ಕು ಕೇಳಿದವರನ್ನು ಹೊಲದಿಂದ ಬಿಡಿಸುವುದು, ಕೂಲಿ ತಪ್ಪಿಸುವುದು, ನಡೆಯುವ ದಾರಿ ಮುಚ್ಚುವುದು, ಬನಿಯಾ ಅಂಗಡಿಯಲ್ಲಿ ದಿನಸಿ ಸಿಗದಂತೆ ಮಾಡುವುದು. ಮೇಯೋ ಪ್ರಾಂತದಲ್ಲಿ ನಡೆದುದೂ ಹೆಚ್ಚುಕಡಿಮೆ ಇದೇ. ಆದರೆ ಬಾಯ್ಕಾಟ್ ಸಾಹೇಬರಿಗೆ ಸಾವಿರ ಸೈನಿಕರ ಕಾವಲಿತ್ತು, ಟೈಮ್ಸ್ ಪತ್ರಿಕೆಯಿತ್ತು, ಹಿಂತಿರುಗಲು ಇಂಗ್ಲೆಂಡಿತ್ತು.

ಮಹಾರಾಷ್ಟ್ರದ ವಿಧಾನಮಂಡಲ 2016ರಲ್ಲಿ ಅಂಗೀಕರಿಸಿ, 2017ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಜಾತಿ ಪಂಚಾಯಿತಿಯವರು ಯಾರನ್ನಾದರೂ ಸಾಮಾಜಿಕವಾಗಿ ಬಹಿಷ್ಕರಿಸಿದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆ ಕಾಯಿದೆಯ ಇಂಗ್ಲಿಷ್ ಪ್ರತಿಯ ಹೆಸರಿನಲ್ಲೇ, ‘ಸೋಶಿಯಲ್ ಬಾಯ್ಕಾಟ್’ ಎಂದು, ಲಾಕ್ ಮಾಸ್ಕ್ ದಂಡೆಯ ಪಾರುಪತ್ಯಗಾರನೂ ಕಾಣಿಸಿಕೊಂಡಿದ್ದಾನೆ.